ನೋವು ಎಂಟು, ಮುಖ ಸೊನ್ನೆ

"ಒಂದಕ್ಕೆ ಗುರುತು ಹಾಕಿ ಟೀಚರ್, ಎರಡಕ್ಕಲ್ಲ," ಎಂದು ನರ್ಸ್ ಮೂರನೇ ಸಲ ಹಾಳೆ ಕಿತ್ತುಕೊಂಡಳು. ಹಾಳೆಯಲ್ಲಿ ಸಾಲಾಗಿ ಗುಂಡು ಮುಖಗಳು. ಸೊನ್ನೆಯ ಕೆಳಗಿನದು ನಗುತ್ತದೆ, ಹತ್ತರ ಕೆಳಗಿನದು ಗಳಗಳ ಅಳುತ್ತದೆ. ರೋಗಿ ತನ್ನ ನೋವಿಗೆ ತಕ್ಕ ಒಂದನ್ನು ಆರಿಸಬೇಕು. ನಿವೃತ್ತ ಹೊಲಿಗೆ ಟೀಚರು ಎಂಟರ ಅಂಕಿಗೂ ಗುರುತು ಹಾಕಿದ್ದರು, ನಗುವ ಮುಖಕ್ಕೂ ಹಾಕಿದ್ದರು.

"ಎಂಟೇ ಕಣಮ್ಮ. ಕಾಲು ಮುರಿದಿದೆಯಲ್ಲ, ಪ್ರಾಣ ಹೋಗೋ ಹಾಗೆ ನೋಯ್ತಿದೆ."

"ಮತ್ತೆ ಈ ನಗೋ ಮುಖ ಯಾರದು?"

"ನಂದೇ. ನೋವಿರೋದು ಕಾಲಿಗೆ. ಮುಖಕ್ಕೇನಾಗಿದೆ?"

ನರ್ಸ್ ಹಣೆ ಚಚ್ಚಿಕೊಂಡಳು. ಮೊನ್ನೆ ಮೂಳೆ ಕೂರಿಸುವಾಗ ಈ ಟೀಚರು ಅಯ್ಯೋ ಎಂದು ಕಿರುಚಿ, ಮರುಗಳಿಗೆ ಇದೇ ನಗು ನಕ್ಕಿದ್ದರು. ನಿನ್ನೆ ಪಕ್ಕದ ಮಂಚದವರು ದ್ರಾಕ್ಷಿ ಕೊಟ್ಟಾಗಲೂ ಇದೇ ನಗು, ಕೂದಲೆಳೆಯಷ್ಟೂ ಹೆಚ್ಚಿಲ್ಲ. ಕೊಟ್ಟದ್ದನ್ನು ವಾಪಸ್ ಕಿತ್ತುಕೊಂಡಿದ್ದರೂ ಕಡಿಮೆಯಾಗುತ್ತಿರಲಿಲ್ಲವೇನೋ. ಆ ಹಾಳು ನಗು ನೋಡಿಯೇ ಡಾಕ್ಟರು ಎರಡು ದಿನದಿಂದ ನೋವಿನ ಇಂಜೆಕ್ಷನ್ ಬೇಡವೆಂದು ಚೀಟಿಯಲ್ಲಿ ಹೊಡೆದುಹಾಕುತ್ತಿದ್ದಾರೆ. ಟೀಚರು ಎರಡು ರಾತ್ರಿಯಿಂದ ರೆಪ್ಪೆ ಮುಚ್ಚಿಲ್ಲ.

"ಈಗ ಡಾಕ್ಟ್ರು ಬಂದುಬಿಡ್ತಾರೆ. ಮುಖ ಗಂಟು ಹಾಕ್ಕೊಳ್ಳಿ."

ಟೀಚರು ಪ್ರಾಮಾಣಿಕವಾಗಿ ಪ್ರಯತ್ನಿಸಿದರು. ಸೂಜಿಗೆ ದಾರ ಪೋಣಿಸುವವರ ಮುಖವಾಯಿತು, ಅಷ್ಟೆ.

"ಹಾಗಲ್ಲ, ಸ್ವಲ್ಪ ನರಳಿ."

"ಹ್ಞಾಂ..." ಎಂದವರಿಗೆ ತಮ್ಮದೇ ದನಿ ಕೇಳಿ ನಗು ತಡೆಯಲಾಗಲಿಲ್ಲ. ನಕ್ಕ ರಭಸಕ್ಕೆ ಕಾಲು ಅಲುಗಿ ಕಣ್ಣಲ್ಲಿ ನೀರು ಬಂತು. ಬಾಯಿ ಮಾತ್ರ ನಗುತ್ತಲೇ ಇತ್ತು.

"ನನಗೆ ಹುಚ್ಚು ಹಿಡಿಸ್ತೀರಿ ನೀವು," ಎಂದಳು ನರ್ಸ್.

ಅಷ್ಟರಲ್ಲಿ ಡಾಕ್ಟರು ಬಂದೇಬಿಟ್ಟರು. "ಏನು ಟೀಚರ್, ಆರಾಮಾಗಿದ್ದೀರಲ್ಲ. ಇವತ್ತೂ ಇಂಜೆಕ್ಷನ್ ಬೇಡ," ಎಂದು ಪೆನ್ನು ತೆಗೆದರು.

"ಬೇಕು ಸರ್." ನರ್ಸ್ ದನಿ ವಾರ್ಡಿಗೆಲ್ಲ ಕೇಳಿಸಿತು. "ಅವರ ಮುಖ ನಂಬ್ಕೋಬೇಡಿ. ಎಷ್ಟು ಹೇಳಿದ್ರೂ ಅಳೋಕೇ ಬರಲ್ಲ ಇವರಿಗೆ. ಎರಡು ರಾತ್ರಿಯಿಂದ ಒಂದು ಗಳಿಗೆ..." ಅವಳ ಕಣ್ಣು ತುಂಬಿ, ನೀರು ಕೆನ್ನೆ ಮೇಲೆ ಹರಿಯಿತು.

ಡಾಕ್ಟರು ಅವಳನ್ನು ನೋಡಿದರು, ಹಾಳೆಯ ಮೇಲಿನ ಎಂಟನ್ನು ನೋಡಿದರು, ತೆಪ್ಪಗೆ ಇಂಜೆಕ್ಷನ್ ಬರೆದರು.

ಟೀಚರು ಅವರ ತೋಳು ಹಿಡಿದು ಹತ್ತಿರ ಎಳೆದುಕೊಂಡರು.

"ಮೊದಲು ಈ ಹುಡುಗಿಗೆ ಕೊಡಿ ಡಾಕ್ಟ್ರೇ. ಪಾಪ, ಎಲ್ಲೂ ಮುರಿದಿಲ್ಲ. ಆದರೂ ಬೆಳಗ್ಗಿಂದ ಹತ್ತರಲ್ಲೇ ಇದ್ದಾಳೆ."