ಖಾಲಿ ಬಿಡಬಾರದ ಕಾಲಂ

ಕಂಪ್ಯೂಟರು ದೇವಿಯ ಅರ್ಜಿಯನ್ನು ಮೂರನೆಯ ಸಲವೂ ಉಗುಳಿತು. ಕೆಂಪಕ್ಷರದಲ್ಲಿ ಅದೇ ಮಾತು: 'ಗಂಡನ ಹೆಸರು ಖಾಲಿ ಇದೆ.'

ಶಿರಸಿಯ ಹೊಸ ಸಂತೆಕಟ್ಟೆಯಲ್ಲಿ ಸೊಪ್ಪು ಮಾರುವ ಹೆಂಗಸರಿಗೆ ಜಾಗ ಹಂಚುತ್ತಿದ್ದರು. ಅರ್ಜಿಗೆ ಅವತ್ತೇ ಕೊನೆ, ಅದೂ ಐದು ಗಂಟೆಯವರೆಗೆ. ನಾಲ್ಕೂಕಾಲು ಆಗಲೇ ಆಗಿತ್ತು. ಎಕ್ಕಂಬಿಯ ದೇವಿ ಇಪ್ಪತ್ತು ವರ್ಷ ರಸ್ತೆ ಬದಿಯಲ್ಲಿ ಲಾರಿಯ ಧೂಳು ತಿಂದು, ಓಡಿಸಿದಾಗಲೆಲ್ಲ ಬುಟ್ಟಿ ಹೊತ್ತು ಓಡಿದವಳು. ಮದುವೆಯಾದವಳಲ್ಲ. ಊರು ಅದನ್ನು ಎಂದೋ ಒಪ್ಪಿಕೊಂಡಿತ್ತು, ಕಂಪ್ಯೂಟರು ಒಪ್ಪಲಿಲ್ಲ.

ನಗರಸಭೆಯ ಕೌಂಟರಿನಲ್ಲಿ ಅರ್ಜಿ ತುಂಬಿಕೊಡುವ ಮುಬಶ್ಶಿರಾ ಬಿಡಿಸಿ ಹೇಳಿದಳು. ತುಂಬಿದ ಅರ್ಜಿ ಎಕ್ಸ್‌ಎಂಎಲ್ ಎಂಬ ಕಡತವಾಗುತ್ತದೆ. ಅದು ಡೇಟಾಬೇಸಿನ ಒಳಗೆ ಹೋಗಿ ಕೂರುವ ಮೊದಲು ಸ್ಕೀಮಾ ಎಂಬ ಕಾವಲುಗಾರ ಅದನ್ನು ತಡಕಾಡುತ್ತಾನೆ. ಕಾಲಂ ತುಂಬಿದೆಯೋ ಇಲ್ಲವೋ, ಅಷ್ಟೇ ಅವನ ಚಿಂತೆ. ತುಂಬಿದ್ದು ನಿಜವೋ ಸುಳ್ಳೋ ಅವನಿಗೆ ಬೇಡ. ಸ್ವಲ್ಪ ಮೊದಲು ಅರ್ಜಿ ಹಾಕಲು ಬಂದಿದ್ದ ಪಾರ್ವತವ್ವ, ಗಂಡನ ಹೆಸರು ಬಾಯಲ್ಲಿ ಹೇಳುವುದಿಲ್ಲ ಎಂದು ಹಟ ಹಿಡಿದಿದ್ದಳು. ಮುಬಶ್ಶಿರಾ ಸೋತು 'ನಮ್ಮ ಮನೆಯವರು' ಎಂದೇ ಬರೆದರೆ, ಕಾವಲುಗಾರ ಸಲಾಂ ಹೊಡೆದು ಒಳಗೆ ಬಿಟ್ಟಿದ್ದ.

"ನಿಂಗೂ ಹಂಗೇ ಬರೀಲಾ ದೇವಕ್ಕ?"

"ಪಾರ್ವತವ್ವಂಗೆ ಮನೆಯವ್ರು ಇದಾರೆ ತಂಗಿ. ನಮ್ಮನೇಲಿ ನಾನು, ಒಂದು ಬೆಕ್ಕು. ಅದೂ ಹೆಣ್ಣು."

ಮುಬಶ್ಶಿರಾ ಆ ಸ್ಕೀಮಾ ಬರೆದ ಗುತ್ತಿಗೆ ಕಂಪನಿಯ ಕಿರಣನಿಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿದಳು. ಖಾಲಿ ಬಿಟ್ಟರೂ ನಡೆಯುವಂತೆ ಒಂದು ಸಾಲು ತಿದ್ದಿದರೆ ಸಾಕಲ್ಲವೇ ಎಂದು ಕೇಳಿದಳು. ಸಾಕು, ಆದರೆ ಮೀಟಿಂಗ್ ಆಗಬೇಕು, ಮೇಲಿನವರ ಒಪ್ಪಿಗೆ ಬರಬೇಕು, ಹದಿನೈದು ದಿನ ಬೇಕು ಎಂದ ಕಿರಣ. ಈಗ ಯಾರದ್ದಾದರೂ ಒಂದು ಹೆಸರು ಹಾಕಿ ಕಳಿಸು ಎಂದು ಫೋನಿಟ್ಟ.

ದೇವಿ ಫೋನನ್ನೇ ನೋಡಿದಳು. "ನಂಗೆ ಗಂಡ ಇರಲೇಬೇಕು ಅಂದವ ಇವನೇ ಏನು?"

"ಹೂಂ."

"ನಮ್ಮಪ್ಪನೂ ಇಷ್ಟು ಹಟ ಮಾಡ್ಲಿಲ್ಲ ಮಾರಾಯ್ತಿ. ಇವಂದೇ ಹೆಸರು ಹಾಕು."

ಮುಬಶ್ಶಿರಾಳ ಬೆರಳು ನಿಂತಿತು. ಅವಳದ್ದೂ ಗುತ್ತಿಗೆಯ ನೌಕರಿಯೇ. ಗಡಿಯಾರ ನೋಡಿದಳು, ದೇವಿಯ ಬುಟ್ಟಿ ನೋಡಿದಳು. ಕಿರಣನ ಹೆಸರನ್ನು ಅವನ ಅಪ್ಪನ ಹೆಸರಿನ ಸಮೇತ ಒತ್ತಿದಳು. ಹಸಿರು ದೀಪ ಬಂತು. ಆಮೇಲೆ ಬಹಳ ವಿನಯದಿಂದ ಮತ್ತೆ ಫೋನು ಮಾಡಿ, ತಾವು ಹೇಳಿದಂತೆಯೇ ಮಾಡಿದ್ದೇನೆ, ತಮ್ಮದೇ ಹೆಸರು ಹಾಕಿದ್ದೇನೆ, ಆರು ಗಂಟೆಗೆ ಗಂಡನ ಹೆಸರೂ ಇರುವ ಪಟ್ಟಿಯನ್ನು ಸಂತೆಕಟ್ಟೆಯ ಗೋಡೆಗೆ ಅಂಟಿಸುತ್ತಾರೆ ಎಂದು ತಿಳಿಸಿದಳು. ಕಿರಣನಿಗೆ ಹೆಣ್ಣು ನಿಶ್ಚಯವಾಗಿದ್ದ ಮನೆ ಆ ಗೋಡೆಯ ಎದುರಿಗೇ ಇತ್ತು.

ಮೀಟಿಂಗ್ ಆಗಲಿಲ್ಲ, ಮೇಲಿನವರು ಏಳಲೂ ಇಲ್ಲ. ಐದಕ್ಕೆ ಹತ್ತು ನಿಮಿಷ ಇರುವಾಗ ಸಾಲು ತಿದ್ದಿಯಾಗಿತ್ತು. ಮುಬಶ್ಶಿರಾ ಕಿರಣನನ್ನು ಅಳಿಸಿ, ಕಾಲಂ ಖಾಲಿ ಬಿಟ್ಟು ಕಳಿಸಿದಳು. ಹಸಿರು. ಹಿಂದೆ ಗೋಡೆಗೊರಗಿ ಸುಮ್ಮನೆ ನಿಂತಿದ್ದ ಮತ್ತಿಬ್ಬರು ಹೆಂಗಸರು ಅರ್ಜಿ ಹಿಡಿದು ಮುಂದೆ ಬಂದರು.

ದೇವಿ ರಸೀದಿಯನ್ನು ಸೆರಗಿನ ತುದಿಗೆ ಗಂಟು ಹಾಕಿ, ಬುಟ್ಟಿ ಎತ್ತಿಕೊಂಡಳು.

"ಒಳ್ಳೆ ಗಂಡ ಆಗಿದ್ದ ಪಾಪ," ಎಂದಳು. "ಒಂದೇ ಮಾತಿಗೆ ಕೇಳ್ದ."