ಫಕೀರವ್ವನ ಅಂಗೈ

ಬೆಳಗಾಗುತ್ತಲೇ ಊರಿನ ರೈತರೆಲ್ಲ ಎಂದಿನಂತೆ ಬದುವಿನ ಮೇಲೆ ಅಂಗೈ ಚಾಚಿ ನಿಂತರು. ಗಿಡದ ಹೇನು ತಿನ್ನುವ ಕೆಂಪು ಗುಲಗಂಜಿ ಹುಳುಗಳು ಯಾರ ಅಂಗೈ ಮೇಲೆ ಕೂರುತ್ತವೋ ಅವರ ಹೊಲಕ್ಕೇ ಕೆಲಸಕ್ಕೆ ಹೋಗುತ್ತಿದ್ದವು. ವಿಷ ಹೊಡೆದ ಕೈಯತ್ತ ಸುಳಿಯುತ್ತಲೂ ಇರಲಿಲ್ಲ.

ವಿಷ ಹೊಡೆಯುತ್ತಿದ್ದ ಒಂಬತ್ತು ವರ್ಷ ಫಕೀರವ್ವನ ಕೈ ಖಾಲಿಯೇ ಇತ್ತು. ಈ ಸಲ ಅವಳು ಮೆಣಸಿನ ಗಿಡಗಳಿಗೆ ಬೇವಿನ ಕಷಾಯವನ್ನಷ್ಟೇ ಹೊಡೆದಿದ್ದಳು.

“ಹೊಡದು ಏನಾತವ್ವಾ? ಗಿಡದಾಗ ಇನ್ನೂ ಹೇನು ಅದಾವಲ್ಲ!” ಎಂದು ಪಕ್ಕದ ಹೊಲದ ಚನ್ನವೀರಪ್ಪ ನಕ್ಕ.

“ಎಲ್ಲಾ ಸತ್ರ, ಬಂದವ್ರಿಗೆ ಏನ ಬಡಸಲಿ ಮಾವಾ?”

ಅಷ್ಟರಲ್ಲಿ ಒಂದು ಹುಳು ಬಂದು ಅವಳ ಅಂಗೈ ಮೇಲೆ ಕೂತಿತು. ಆಮೇಲೆ ಹತ್ತು, ಆಮೇಲೆ ನೂರು. ಮೊಣಕೈವರೆಗೆ ಕೆಂಪು ಬಳೆ ತೊಟ್ಟಂತಾಯಿತು. ಫಕೀರವ್ವ ತೋಳೆತ್ತಿಕೊಂಡು ಚನ್ನವೀರಪ್ಪನ ಎದುರಿನಿಂದಲೇ ಹೊಲಕ್ಕಿಳಿದಳು.

“ನಡೀರೆವ್ವಾ, ನಾಷ್ಟಾ ಕಾಯಾಕತ್ತೈತಿ!”