ಕೊನೆಗೆ ಉಣ್ಣುವವರು

ಕಚೇರಿಗೇ ತರಿಸಿದ್ದ ಹೋಳಿಗೆ ಊಟ ಮುಗಿಸಿ, ಆಹಾರ ಸಮೀಕ್ಷೆಯ ಪ್ರಶ್ನೆಗಳನ್ನು ತಿದ್ದಲು ಎಲ್ಲರೂ ಮತ್ತೆ ಕುಳಿತಾಗ ಗಂಟೆ ಮೂರೂವರೆ. ಪಂಕಜಾಕ್ಷಿ ಬರೆದಿದ್ದ ಪ್ರಶ್ನೆಯೊಂದರ ಮೇಲೆ ಪೆನ್ನಿಟ್ಟು ನಿರ್ದೇಶಕರು ತೇಗಿದರು.

"'ನಿಮ್ಮ ಮನೆಯಲ್ಲಿ ಕೊನೆಗೆ ಉಣ್ಣುವವರು ಯಾರು?' ಇದೆಂಥ ಪ್ರಶ್ನೆ ಕಣಮ್ಮ? ಅದೆಲ್ಲ ನಮ್ಮಜ್ಜಿ ಕಾಲಕ್ಕೇ ಹೋಯ್ತು."

ಎಷ್ಟೋ ಅಡುಗೆಮನೆಗಳಲ್ಲಿ ಪಾತ್ರೆಯ ತಳ ಕೆರೆಯುವ ಸೌಟಿನ ಸದ್ದು ಕೇಳಿದ್ದ ಪಂಕಜಾಕ್ಷಿ ಬಿಟ್ಟುಕೊಡಲಿಲ್ಲ. "ಇದೊಂದು ಇರಲಿ ಸಾರ್. ಇದನ್ನ ಕೇಳದೇ ಹೋದ್ರೆ ಹೆಂಗಸರ ಹೊಟ್ಟೆ ಲೆಕ್ಕಕ್ಕೇ ಸಿಗಲ್ಲ."

"ಹಾಗಾದ್ರೆ ನಮ್ಮನೆಯವಳನ್ನೇ ಕೇಳಿಬಿಡೋಣ. ಅವಳು ಅಂಥದ್ದೇನೂ ಇಲ್ಲ ಅಂದ್ರೆ ಇದಕ್ಕೆ ಕತ್ತರಿ." ಹೆಂಡತಿಗೆ ಫೋನ್ ಮಾಡಿ, ಎಲ್ಲರಿಗೂ ಕೇಳುವಂತೆ ಮೇಜಿನ ಮೇಲಿಟ್ಟರು. "ಏನೇ, ನಮ್ಮನೇಲಿ ಕೊನೆಗೆ ಊಟ ಮಾಡೋರು ಯಾರೇ?"

"ನಮ್ಮನೇಲಿ ಮೊದಲು ಕೊನೆ ಅಂತ ಎಲ್ಲಿದೆ ರೀ? ಎಲ್ಲರೂ ಒಂದೇ."

ನಿರ್ದೇಶಕರು ಪ್ರಶ್ನೆಯ ಮೇಲೆ ಉದ್ದಕ್ಕೂ ಗೆರೆ ಎಳೆದರು. ಸುತ್ತ ಕುಳಿತವರು ತಲೆದೂಗಿದರು.

"ಅದಿರಲಿ, ಊಟಕ್ಕೆ ಬರ್ತೀರೋ ಇಲ್ವೋ ಹೇಳಿಬಿಡಿ," ಎಂದಿತು ಫೋನಿನೊಳಗಿನ ದನಿ. "ನಿಮ್ಮದು ಆಯ್ತು ಅಂತ ಗೊತ್ತಾದ್ರೆ ನಾನೂ ಎರಡು ತುತ್ತು ತಿಂತೀನಿ."